ನೆಲ ನಡುಗಿದ್ದಕ್ಕೆ ನಾನು ಸಾಕ್ಷಿಯಲ್ಲ

ಸೀರೆಯ ಒಡಲಿನಲ್ಲಿ ಈ ಅಂಚಿನಿಂದ ಆ ಅಂಚಿಗೆ ಒಂದು ಗೆರೆ. ದಪ್ಪ ಎಷ್ಟೆಂದರೆ, ಎರಡು ತಲೆಗೂದಲನ್ನು ಪಕ್ಕಪಕ್ಕ ಇಟ್ಟಷ್ಟು. ಬಣ್ಣ ಬೇರೆಯಲ್ಲ, ಎಳೆ ಹರಿದಿಲ್ಲ. ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುತ್ತದೆ, ನೇರ ಹಿಡಿದರೆ ಕಾಣುವುದಿಲ್ಲ. ಉಟ್ಟವರ ನೆರಿಗೆಯೊಳಗೆ ಸೇರಿಹೋಗುವ ಜಾಗ ಅದು, ಉಟ್ಟವರಿಗೂ ನೋಡಿದವರಿಗೂ ಜನ್ಮದಲ್ಲಿ ಗೊತ್ತಾಗದು. ಇಂಥ ಒಂದು ಗೆರೆಯ ಸಲುವಾಗಿ ನಾನು ಮೊಳಕಾಲ್ಮೂರಿನ ಒಂದಿಡೀ ಬೀದಿಯ ಜೊತೆ ಜಗಳಕ್ಕೆ ಬಿದ್ದೆ ಎಂದರೆ ನನ್ನ ಸಹೋದ್ಯೋಗಿಗಳು ನಂಬುವುದಿಲ್ಲ. ಸ್ಟಾಫ್ ರೂಮಿನಲ್ಲಿ ಫ್ಯಾನು ಹಾಕಿ ಎಂದು ಕೇಳುವುದಕ್ಕೂ ಸಂಕೋಚಪಟ್ಟು ಬೆವರಿಕೊಂಡು ಕೂರುವವಳು ನಾನು.

ಮೊದಲೇ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ಈವರೆಗಿನ ನನ್ನ ಆಯುಷ್ಯದಲ್ಲಿ ಮೂರು ಭೂಕಂಪಗಳಾಗಿವೆ. ಮೂರೂ ಸಣ್ಣವು, ಆದರೆ ಮೂರೂ ನಾನಿದ್ದ ಜಾಗದಲ್ಲೇ ಆದವು. ಮೂರರಲ್ಲಿ ಒಂದೂ ನನಗೆ ಗೊತ್ತಾಗಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ನಕ್ಕು ಮರೆಯಬಹುದಾಗಿತ್ತು. ನಾನು ಚಳ್ಳಕೆರೆಯ ಕಾಲೇಜೊಂದರಲ್ಲಿ ಭೂಗೋಳಶಾಸ್ತ್ರ ಪಾಠ ಮಾಡುವವಳು. ಭೂಮಿಯ ಒಳಗೆ ಯಾವ ಪದರ ಎಲ್ಲಿದೆ, ಯಾವುದು ಯಾವುದರ ಮೇಲೆ ಜಾರುತ್ತದೆ ಎಂದು ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ತೋರಿಸುವವಳು. ಅಷ್ಟೆಲ್ಲ ಮಾಡಿದ ಮೇಲೂ ಭೂಮಿ ನನ್ನನ್ನು ಹೀಗೆ ಬಿಟ್ಟು ಹೋಗುವುದೆಂದರೆ ಏನರ್ಥ? ಊರಲ್ಲಿರುವವರಿಗೆಲ್ಲ ಕರೆ ಕೊಟ್ಟು ನನ್ನ ಮನೆಯ ಬಾಗಿಲನ್ನು ಮಾತ್ರ ದಾಟಿಹೋದರೆ ಯಾರಿಗಾದರೂ ಸಿಟ್ಟು ಬಾರದೆ ಇರುತ್ತದೆಯೇ?

ಮೊದಲನೆಯದು ನಾನು ಆರನೇ ಕ್ಲಾಸಿನಲ್ಲಿದ್ದಾಗ. ಚಳ್ಳಕೆರೆಯಲ್ಲಿ ನಮ್ಮ ಮನೆಯ ಗೋಡೆಗೆ ಅಂಟಿಕೊಂಡಂತೆ ಒಂದು ಶೇಂಗಾ ಎಣ್ಣೆ ಮಿಲ್ಲು ಇತ್ತು. ಬೆಳಿಗ್ಗೆ ಆರಕ್ಕೆ ಮಿಲ್ಲು ಶುರುವಾದರೆ ನಮ್ಮ ಮನೆಯೂ ಶುರುವಾಗುತ್ತಿತ್ತು. ಗೂಡಿನಲ್ಲಿಟ್ಟ ಸ್ಟೀಲ್ ತಟ್ಟೆಗಳು ಇಡೀ ದಿನ ಸಣ್ಣಗೆ ಹಾಡುತ್ತಿದ್ದವು. ಅವ್ವ ಲೋಟಗಳ ನಡುವೆ ಹಳೇ ಬಟ್ಟೆಯ ಚೂರು ಸಿಕ್ಕಿಸಿಟ್ಟಿದ್ದಳು. ಗೋಡೆಯ ಮೇಲಿನ ಕ್ಯಾಲೆಂಡರು ದಿನಕ್ಕೊಮ್ಮೆ ಓರೆಯಾಗುತ್ತಿತ್ತು, ಅಪ್ಪ ದಿನಕ್ಕೊಮ್ಮೆ ಸರಿಮಾಡುತ್ತಿದ್ದರು. ಒಂದು ದಿನ ದಾವಣಗೆರೆಯಿಂದ ಅತ್ತೆಯ ಫೋನು: ‘ಭೂಕಂಪ ಆತಲ್ಲ, ನೀವೆಲ್ಲ ಆರಾಮಿದೀರೇನು? ನಿಮ್ಮ ಕಡೇನೇ ಜಾಸ್ತಿಯಂತೆ!’ ಅಪ್ಪ ಹೊರಗೆ ಇಣುಕಿ ನೋಡಿ, ‘ನಮ್ಮ ಬೀದಿಗೆ ಇನ್ನೂ ಬಂದಿಲ್ಲ ಕಣಮ್ಮ’ ಎಂದರು. ಬಂದು ಹೋಗಿ ಅರ್ಧ ಗಂಟೆಯಾಗಿತ್ತು. ಮರುದಿನ ಶಾಲೆಯಲ್ಲಿ ಮೇಷ್ಟ್ರು, ಯಾರಿಗೆಲ್ಲ ಗೊತ್ತಾಯಿತು ಕೈ ಎತ್ತಿ ಎಂದರು. ಇಡೀ ಕ್ಲಾಸು ಕೈ ಎತ್ತಿತು. ಒಬ್ಬಳ ಅಜ್ಜಿ ಮಂಚದಿಂದ ಉರುಳಿದ್ದಳಂತೆ, ಇನ್ನೊಬ್ಬನ ಮನೆಯ ಎಮ್ಮೆ ಹಗ್ಗ ಕಿತ್ತುಕೊಂಡು ಓಡಿತ್ತಂತೆ. ನಾನೊಬ್ಬಳೇ ನಿಜ ಹೇಳಿದೆ. ‘ಮಲಗಿದ್ಯೇನೆ?’ ಎಂದರು ಮೇಷ್ಟ್ರು. ‘ಇಲ್ಲ ಸಾರ್, ಹಲ್ಲುಜ್ಜುತ್ತಿದ್ದೆ’ ಎಂದೆ. ಅವತ್ತು ಆ ಕ್ಲಾಸು ನಕ್ಕ ನಗು ಭೂಕಂಪಕ್ಕಿಂತ ಜೋರಾಗಿತ್ತು. ಅದಂತೂ ನನಗೆ ಚೆನ್ನಾಗಿ ಗೊತ್ತಾಯಿತು. ಆ ಸೇಡಿಗೇ ನಾನು ಭೂಗೋಳ ಓದಿದೆ ಎಂದರೆ ಪೂರ್ತಿ ಸುಳ್ಳಲ್ಲ.

ಎರಡನೆಯದು ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ. ನೀರಿಗೆ ಬಹಳ ಕಷ್ಟದ ಹಾಸ್ಟೆಲು ಅದು. ಟ್ಯಾಂಕರು ಬಂತೆಂದರೆ ಮೂರು ಮಹಡಿಯ ಹುಡುಗಿಯರೂ ಕಿರುಚುತ್ತ ಮೆಟ್ಟಿಲಿಳಿದು ಓಡುತ್ತಿದ್ದರು. ಒಂದು ಸಂಜೆ ನಾನು ರೂಮಿನಲ್ಲಿ ನೋಟ್ಸ್ ಬರೆಯುತ್ತಿದ್ದಾಗ ಹಾಗೇ ಕಿರುಚಾಟ, ಹಾಗೇ ಓಟ. ನಾನು ಪೆನ್ನಿನ ಮುಚ್ಚಳ ಹಾಕಿ, ಚಪ್ಪಲಿ ಮೆಟ್ಟಿ, ಮಂಚದ ಕೆಳಗಿನಿಂದ ಬಕೆಟ್ಟು ಎಳೆದುಕೊಂಡು, ಬೇಡವೆಂದು ಅದನ್ನಿಟ್ಟು ದೊಡ್ಡ ಬಕೆಟ್ಟನ್ನೇ ತೆಗೆದುಕೊಂಡು ನಿಧಾನವಾಗಿ ಕೆಳಗಿಳಿದೆ. ಅಂಗಳದಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ನಿಂತಿದ್ದರು. ನಾನು ಸಾಲು ಎಲ್ಲಿಂದ ಶುರು ಎಂದು ಕೇಳಿದೆ. ಪತ್ರಿಕೆಯವರು ತೆಗೆದ ಫೋಟೋದಲ್ಲಿ ಗಾಬರಿಗೊಂಡ ವಿದ್ಯಾರ್ಥಿನಿಯರ ನಡುವೆ ದೊಡ್ಡ ನೀಲಿ ಬಕೆಟ್ಟು ಹಿಡಿದು ಶಾಂತವಾಗಿ ನಿಂತಿರುವವಳು ನಾನೇ. ನಮ್ಮ ಪ್ರೊಫೆಸರರು ಆ ಫೋಟೋವನ್ನು ಕತ್ತರಿಸಿ ವಿಭಾಗದ ನೋಟಿಸ್ ಬೋರ್ಡಿಗೆ ಹಾಕಿದರು. ಇದು ಯಾವ ಶಿಷ್ಟಾಚಾರ ಎಂದು ನಾನು ಕೇಳಲಿಲ್ಲ. ಈಗಲಾದರೂ ಕೇಳಬೇಕೆನಿಸುತ್ತದೆ.

ಇನ್ನು ಮೂರನೆಯದು. ಅದಕ್ಕೆ ಮೊದಲು ನಮ್ಮ ದೊಡ್ಡಮ್ಮನ ಪರಿಚಯ ಆಗಬೇಕು. ದೊಡ್ಡಮ್ಮ ಅಂದರೆ ಅವ್ವನ ಅಕ್ಕ, ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವಳು. ಅವಳದು ಗುಂಡಿಮಗ್ಗ. ನೆಲದಲ್ಲಿ ಸೊಂಟದಾಳದ ಗುಂಡಿ ತೋಡಿ, ಅದರ ಅಂಚಿನ ಮೇಲೆ ಕೂತು, ಕಾಲನ್ನು ಒಳಗೆ ಇಳಿಬಿಟ್ಟು, ಕೆಳಗಿನ ಹಲಗೆಗಳನ್ನು ತುಳಿಯುತ್ತ ನೇಯುವುದು. ಹದಿನಾರನೇ ವಯಸ್ಸಿಗೆ ಆ ಗುಂಡಿಗೆ ಕಾಲಿಟ್ಟವಳು ಇವತ್ತಿಗೂ ಇಟ್ಟೇ ಇದ್ದಾಳೆ. ಇಷ್ಟು ವರ್ಷದಲ್ಲಿ ಒಂದು ಸೀರೆಯನ್ನೂ ಸಾಹುಕಾರರು ಇದರಲ್ಲಿ ದೋಷ ಐತೆ ಎಂದು ವಾಪಸು ಕಳಿಸಿಲ್ಲ. ಅವಳ ಮಗ ಮಂಜಣ್ಣ ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಒಳ್ಳೆಯವನೇ. ಆದರೆ ಒಂದೆರಡು ವರ್ಷದಿಂದ ಅವನಿಗೆ ಆ ಗುಂಡಿ ಮುಚ್ಚಿ ಟೈಲ್ಸ್ ಹಾಕಿಸಿ ಸೋಫಾ ಇಡುವ ಆಸೆ. ‘ಅವ್ವಗೆ ವಯಸ್ಸಾತು, ಕಾಲು ನಡುಗ್ತಾವೆ’ ಎನ್ನುತ್ತಿದ್ದ. ‘ನಡುಗೋದು ನಿನ್ನ ತಲೆ ಕಣೋ’ ಎಂದು ಅವಳು ಲಾಳಿ ಎಸೆಯುತ್ತಿದ್ದಳು, ಮಗನ ಕಡೆಗಲ್ಲ, ಮಗ್ಗದ ಹಾಸಿನ ಎಳೆಗಳ ನಡುವೆ.

ಕಳೆದ ತಿಂಗಳ ಒಂದು ಶನಿವಾರ ನಾನು ಅಲ್ಲಿದ್ದೆ. ದೊಡ್ಡಮ್ಮ ನೇಯುತ್ತಿದ್ದಳು, ನಾನು ಅವಳಿಂದ ಎರಡು ಮಾರು ದೂರದಲ್ಲಿ ಮಂಚದ ಮೇಲೆ ಕೂತು ಟೆಸ್ಟ್ ಪೇಪರು ತಿದ್ದುತ್ತಿದ್ದೆ. ಹೇಳಿದರೆ ನಾನು ಕಟ್ಟಿದ ಕತೆ ಎನ್ನುತ್ತೀರಿ, ಆದರೆ ಪ್ರಶ್ನೆ ಭೂಕಂಪದ ಲಕ್ಷಣಗಳ ಮೇಲೆಯೇ ಇತ್ತು. ಒಬ್ಬ ಹುಡುಗ ‘ಭೂಕಂಪ ಬಂದರೆ ನಮಗೇ ಗೊತ್ತಾಗುತ್ತದೆ’ ಎಂದಷ್ಟೇ ಬರೆದಿದ್ದ. ಉತ್ತರ ನಿಖರವಾಗಿಲ್ಲ ಎಂದು ಕೆಂಪು ಶಾಯಿಯಲ್ಲಿ ಬರೆದು ಮುಂದಿನ ಪೇಪರು ಎತ್ತಿಕೊಂಡೆ. ಬಳ್ಳಾರಿ ಬಸ್ಸು ತಿರುವಿನಲ್ಲಿ ಹಾರನ್ ಹೊಡೆಯಿತು, ಅಂದರೆ ಮೂರೂಕಾಲು. ಆಗ ದೊಡ್ಡಮ್ಮ ಮಗ್ಗ ನಿಲ್ಲಿಸಿ, ‘ನೆಲ ಅಲುಗಾಡ್ತು’ ಎಂದಳು.

‘ಏನೂ ಆಗ್ಲಿಲ್ವಲ್ಲ ದೊಡ್ಡಮ್ಮ’ ಎಂದೆ, ತಲೆ ಎತ್ತದೆ.

‘ಹಲಿಗೆ ಕೆಳಗಿಂದ ಎದ್ದು ಬಂದು ನನ್ನ ಅಂಗಾಲು ಮುಟ್ತು ಕಣೆ.’

‘ನಿಮ್ಮ ಕಾಲೇ ನಡುಗಿರಬೇಕು.’

ಈ ಮೂರು ಪದಗಳನ್ನು ನಾನು ಯಾವ ಕೆಟ್ಟ ಉದ್ದೇಶದಿಂದಲೂ ಹೇಳಲಿಲ್ಲ. ಇಪ್ಪತ್ತೆಂಟು ಪೇಪರು ಬಾಕಿ ಇದ್ದವು. ಆದರೆ ಅದೇ ಹೊತ್ತಿಗೆ ಮಂಜಣ್ಣ ಚಹಾಕ್ಕೆಂದು ಮನೆಗೆ ಬಂದು ಹೊಸಿಲ ಮೇಲೆ ನಿಂತಿದ್ದ. ‘ಕೇಳ್ದೇನವ್ವಾ? ಭೂಗೋಳ ಎಮ್ಮೆಸ್ಸಿ ಓದಿದೋಳೇ ಹೇಳ್ತಾಳೆ!’ ಎಂದ. ಬಂದು ನೋಡಿದ. ಹಲಗೆಯ ತುಳಿತ ತಪ್ಪಿದ ಕಡೆ ನೇಯ್ಗೆಯಲ್ಲಿ ಗೆರೆ ಬಿದ್ದಿತ್ತು. ದೊಡ್ಡಮ್ಮನ ಮಗ್ಗದಲ್ಲಿ ಮೊದಲನೇ ಗೆರೆ. ಅವನು ಕ್ವಾರಿಗೆ ಫೋನ್ ಮಾಡಿ ಅವತ್ತು ಕಲ್ಲು ಸಿಡಿಸಿಲ್ಲ ಎಂದು ಖಾತ್ರಿ ಮಾಡಿಕೊಂಡ. ರಕ್ಷಣಾ ಇಲಾಖೆಯವರು ಪರೀಕ್ಷೆ ನಡೆಸುವ ಕಾವಲ್ ಕಡೆಯಿಂದಲೂ ಅವತ್ತು ಢಂ ಎಂಬ ಸದ್ದು ಕೇಳಿರಲಿಲ್ಲ. ‘ಮದ್ದೂ ಇಲ್ಲ, ಭೂಕಂಪಾನೂ ಇಲ್ಲ ಅಂದ್ಮೇಲೆ ಉಳಿದಿದ್ದು ಕಾಲೇ ಅಲ್ವಾ?’ ಎಂದು ನನ್ನನ್ನೇ ಕೇಳಿದ. ತರ್ಕದಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ. ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ ಮುಟ್ಟಿತು. ಸೋಮವಾರ ಎಂಟು ಗಂಟೆಗೆ ಒಂದು ಟ್ರ್ಯಾಕ್ಟರ್ ಮಣ್ಣು ಬರುತ್ತದೆ, ಗುಂಡಿ ಮುಚ್ಚುತ್ತದೆ ಎಂದೂ ತೀರ್ಮಾನವಾಯಿತು.

ದೊಡ್ಡಮ್ಮ ಅಳಲಿಲ್ಲ, ಕೂಗಾಡಲಿಲ್ಲ. ಗೆರೆ ಬಿದ್ದಷ್ಟನ್ನು ಬಿಚ್ಚಿ ಮತ್ತೆ ನೇಯಬಹುದಿತ್ತು, ಬಿಚ್ಚಲಿಲ್ಲ. ‘ನಾನು ತಪ್ಪು ಮಾಡಿದ್ರೆ ಬಿಚ್ಚಬೇಕು. ನಾನ್ಯಾಕೆ ಬಿಚ್ಚಲಿ?’ ಎಂದಳು. ರಾತ್ರಿ ಊಟಕ್ಕೆ ನನ್ನ ತಟ್ಟೆಗೆ ಮುದ್ದೆ ಇಟ್ಟಳು, ಸಾರು ಬಿಡಲಿಲ್ಲ. ನಾನೇ ಬಿಟ್ಟುಕೊಂಡೆ. ನಮ್ಮ ಮನೆತನದಲ್ಲಿ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಭಾನುವಾರ ಬೆಳಿಗ್ಗೆ ಎದ್ದಾಗ ನನ್ನ ಸಿಟ್ಟು ಎಲ್ಲರ ಮೇಲೂ ತಿರುಗಿತ್ತು. ಮಂಜಣ್ಣನ ಮೇಲೆ, ಸೋಫಾ ಕಂಡುಹಿಡಿದವರ ಮೇಲೆ, ಇಡೀ ಭೂಮಿಯ ಮೇಲೆ. ವಿಪತ್ತು ಸಹಾಯವಾಣಿಗೆ ಫೋನ್ ಮಾಡಿ, ನಿನ್ನೆ ಮೂರೂಕಾಲಿಗೆ ಇಲ್ಲಿ ಲಘು ಭೂಕಂಪ ದಾಖಲಾಗಿದೆಯೇ ಎಂದು ಕೇಳಿದೆ. ಆ ಕಡೆಯವರು ‘ಎಷ್ಟು ಗೋಡೆ ಬಿದ್ದಾವ್ರೀ?’ ಎಂದರು. ಯಾವುದೂ ಇಲ್ಲ ಎಂದೆ. ‘ಬಿರುಕು?’ ಇಲ್ಲ. ‘ಯಾರಿಗಾದ್ರೂ ಪೆಟ್ಟು?’ ಇಲ್ಲ. ‘ಮತ್ತೆ ಏನಾತ್ರೀ ಮೇಡಂ?’ ಸೀರೆಯಲ್ಲಿ ಒಂದು ಗೆರೆ ಬಿದ್ದಿದೆ ಎಂದೆ. ಅದು ಬೇರೆ ಇಲಾಖೆಗೆ ಬರುತ್ತದೆ ಎಂದು ಅವರು ಫೋನಿಟ್ಟರು. ಗೋಡೆ ಬಿದ್ದರೆ ಮಾತ್ರ ಭೂಕಂಪ, ಬೀಳದಿದ್ದರೆ ಅದು ನಮ್ಮ ದೊಡ್ಡಮ್ಮನ ಕಾಲು. ಎಂಥ ಅನ್ಯಾಯ ನೋಡಿ!

ಆಗ ನನಗೆ ಹೊಳೆಯಿತು. ನೆಲ ನಿಜವಾಗಿ ಅಲುಗಿದ್ದರೆ ಅದು ದೊಡ್ಡಮ್ಮನ ಗುಂಡಿಯಲ್ಲಿ ಮಾತ್ರ ಅಲುಗಿರಲಾರದು. ಮಂಚದ ಮೇಲೆ ಕೂತವರಿಗೆ ಗೊತ್ತಾಗದಿದ್ದರೇನು, ಈ ಬೀದಿಯಲ್ಲಿ ಇನ್ನೂ ಐದು ಮನೆಯವರು ಮೂರೂಕಾಲಿಗೆ ನೆಲದೊಳಗೆ ಕಾಲು ಇಳಿಬಿಟ್ಟು ಕೂತಿದ್ದರು. ಅವರ ಮಗ್ಗಗಳಲ್ಲೂ ಗೆರೆ ಇರಲೇಬೇಕು. ಇಲ್ಲಿಯವರೆಗೆ ನಾನು ಓದಿದ್ದರಲ್ಲಿ ಉಪಯೋಗಕ್ಕೆ ಬಂದ ಮೊದಲ ವಿಚಾರ ಇದು. ಕಷ್ಟವೆಂದರೆ, ಅದನ್ನು ತಿಳಿಯಲು ಐದು ಮನೆಗಳಿಗೆ ಹೋಗಬೇಕಿತ್ತು. ನನಗೆ ಯಾರ ಮನೆಗೂ ಹೋಗಿ ಅಭ್ಯಾಸವಿಲ್ಲ. ಬಾಗಿಲು ತಟ್ಟುವ ಮೊದಲು ಏನು ಮಾತಾಡಬೇಕೆಂದು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡು ಹೋಗುತ್ತೇನೆ, ಬಾಗಿಲು ತೆರೆದವರು ಬೇರೆಯದನ್ನೇ ಕೇಳುತ್ತಾರೆ.

ಮೊದಲ ಮನೆ ಲಕ್ಷ್ಮಕ್ಕನದು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ. ನನ್ನ ಮದುವೆ ಯಾವಾಗ, ಯಾಕಿನ್ನೂ ಆಗಿಲ್ಲ, ಯಾರಾದರೂ ಮನಸ್ಸಿನಲ್ಲಿದ್ದಾರೆಯೇ ಎಂದೆಲ್ಲ ಅವಳು ಸಲೀಸಾಗಿ ಕೇಳಿದಳು. ಆದರೆ ನಾನು, ‘ಅಕ್ಕಾ, ನಿನ್ನೆ ನಿಮ್ಮ ಸೀರೇಲಿ ಗೆರೆ ಏನಾದ್ರೂ ಬಿತ್ತಾ?’ ಎಂದು ಕೇಳಿದ್ದೇ ತಡ, ಅವಳ ಮುಖವೇ ಬದಲಾಯಿತು.

‘ಯಾರು ಹೇಳಿದ್ದು ನಿಂಗೆ? ನಮ್ಮ ಮಗ್ಗದಾಗೆ ಗೆರೇನಾ? ಮೂರು ತಲೆಯಿಂದ ನೇಯೋ ಮನೆ ಇದು!’

‘ಇಲ್ಲ ಅಕ್ಕಾ, ಭೂಕಂಪ ಏನಾದ್ರೂ...’

‘ಯಾವ ಕಂಪಾನೂ ಇಲ್ಲ. ಕಾಫಿ ಕುಡಿದು ಹೋಗು.’

ಕಾಫಿ ಕುಡಿದೆ. ಲೋಟ ಕೊಟ್ಟು ಎದ್ದು ಬಾಗಿಲವರೆಗೆ ಬಂದಾಗ ಅವಳು ನನ್ನ ತೋಳು ಹಿಡಿದು ಒಳಗೆಳೆದಳು. ‘ಎವರಿಕೀ ಚೆಪ್ಪೊದ್ದು’ ಎಂದಳು ಪಿಸುಮಾತಿನಲ್ಲಿ. ಯಾರಿಗೂ ಹೇಳಬೇಡ ಎಂದು ಕನ್ನಡದಲ್ಲೂ ಇನ್ನೊಮ್ಮೆ ಹೇಳಿ, ಮಗ್ಗದ ಮೇಲೆ ಮುಚ್ಚಿದ್ದ ಬಟ್ಟೆ ಸರಿಸಿದಳು. ಗೆರೆ ಇತ್ತು. ಬಿದ್ದದ್ದು ಮೂರೂಕಾಲಿಗೆ, ಬಳ್ಳಾರಿ ಬಸ್ಸು ಹಾರನ್ ಹೊಡೆದಾಗಲೇ ಅಂತೆ. ‘ಬೆಕ್ಕು ಕಾಲಿಗೆ ಸಿಕ್ಕಿತ್ತು’ ಎಂದಳು. ಬೆಕ್ಕು ಎಲ್ಲಿ ಎಂದೆ. ‘ಅದು ಸತ್ತು ಎರಡು ವರ್ಷ ಆತು’ ಎಂದು ಹೇಳಿ, ತನ್ನ ಮಾತು ತನಗೇ ಕೇಳಿಸಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು.

ಎರಡನೇ ಮನೆ ಈರಣ್ಣಜ್ಜನದು. ಬೀದಿಯಲ್ಲೇ ಹಿರಿಯ ನೇಕಾರ, ಬೇರೆಯವರ ಸೀರೆಯಲ್ಲಿ ತಪ್ಪು ಹುಡುಕುವುದರಲ್ಲಿ ಹೆಸರಾದವನು. ಅವನೂ ಮೊದಲು ಗುಡುಗಿ, ಆಮೇಲೆ ಬಾಗಿಲು ಹಾಕಿ ತೋರಿಸಿದ. ಅವನು ಗೆರೆ ಬಿಚ್ಚಿ ಮತ್ತೆ ನೇಯ್ದಿದ್ದ, ಆದರೂ ಉಜ್ಜಿದ ರೇಷ್ಮೆ ಅಲ್ಲಿ ಸ್ವಲ್ಪ ಮಂಕಾಗಿತ್ತು. ‘ಸೊಸೆ ಚಾ ಅಂತ ಕೂಗಿದ್ಲು, ಅದಕ್ಕೇ ಆಗಿದ್ದು’ ಎಂದ. ಇನ್ನು ಮೂರು ಮನೆಯಲ್ಲೂ ಇದೇ ಕತೆ. ತಪ್ಪನ್ನು ಒಬ್ಬರು ಮೊಬೈಲಿನ ಮೇಲೆ ಹಾಕಿದರು, ಒಬ್ಬರು ಕನ್ನಡಕದ ಮೇಲೆ, ಒಬ್ಬಾಕೆ ಗಂಡನ ಮೇಲೆ. ಗಂಡ ಅವತ್ತು ಊರಲ್ಲೇ ಇರಲಿಲ್ಲ. ಐದಕ್ಕೆ ಐದೂ ಮನೆ, ಐದಕ್ಕೆ ಐದೂ ಗೆರೆ, ಒಂದೇ ಹಾರನ್. ಒಬ್ಬರಿಗೂ ಇನ್ನೊಬ್ಬರ ಗೆರೆಯ ಸುದ್ದಿ ಗೊತ್ತಿಲ್ಲ. ಗೋಡೆ ಹಂಚಿಕೊಂಡವರು, ನೀರು ಹಂಚಿಕೊಂಡವರು, ಯಾರ ಮನೆಯಲ್ಲಿ ಯಾವ ಸಾರು ಎಂದು ವಾಸನೆಯಿಂದ ಹೇಳುವವರು ಇದೊಂದನ್ನು ಮಾತ್ರ ಬಟ್ಟೆ ಮುಚ್ಚಿ ಕಾಯ್ದಿದ್ದರು. ಎಲ್ಲರೂ ನನ್ನಿಂದ ಆಣೆ ಹಾಕಿಸಿಕೊಂಡೇ ತೋರಿಸಿದ್ದು. ನಾನೂ ಹಾಕಿದೆ. ಗುಟ್ಟು ಕಾಯುವುದರಲ್ಲಿ ನನಗೆ ಯಾರ ಪಾಠವೂ ಬೇಕಿಲ್ಲ.

ಮಧ್ಯಾಹ್ನ ಮಂಜಣ್ಣನ ಅಂಗಡಿಗೆ ಹೋಗಿ, ಭೂಕಂಪ ಆಗಿದ್ದು ನಿಜ, ಐದು ಮನೆಯಲ್ಲಿ ಗೆರೆ ಬಿದ್ದಿದೆ ಎಂದೆ.

‘ಯಾವ್ಯಾವ ಮನೆ ಮೇಡಮ್ಮೋರೆ?’

‘ಹೇಳೋ ಹಾಗಿಲ್ಲ.’

ಅವನು ಬಿಚ್ಚಿಟ್ಟ ಫೋನಿನ ಮೇಲಿಂದ ಕಣ್ಣೆತ್ತಿ ನೋಡಿದ. ‘ಭೂಕಂಪ ಆಗೈತೆ, ಆದ್ರೆ ಎಲ್ಲಿ ಅಂತ ಹೇಳಂಗಿಲ್ಲ. ಇದೇನಾ ನೀನು ಕಾಲೇಜಲ್ಲಿ ಹೇಳ್ಕೊಡೋದು?’

‘ಅಣ್ಣಾ, ದೊಡ್ಡಮ್ಮನ ಕಾಲು ಸರಿ ಇದೆ. ನಾನು ತಪ್ಪು ಹೇಳಿದೆ.’

‘ನೋಡು’ ಎಂದ ಅವನು, ಈ ಸಲ ತಮಾಷೆಯಿಲ್ಲದೆ. ‘ಅವ್ವ ಗುಂಡೀಲಿ ಜಾರಿ ಬಿದ್ರೆ ಎತ್ತೋನು ನಾನು. ನೀನಲ್ಲ. ನಿನ್ನ ಮಾತು ಹಿಡ್ಕೊಂಡೇ ಬೀದಿಗೆಲ್ಲ ಹೇಳೀನಿ. ಈಗ ನನ್ನ ಹತ್ರ ಬಂದು ಗುಟ್ಟಾಗಿ ಇಲ್ಲ ಅಂದ್ರೆ? ಹೇಳಿದ್ದು ನೀನು, ಹಿಂದಕ್ಕೆ ತಗೋಬೇಕಾದೋಳೂ ನೀನೇ. ಬೀದೀಲಿ ನಿಂತು ಹೇಳು, ಟ್ರ್ಯಾಕ್ಟರ್ ಬ್ಯಾಡ ಅಂತೀನಿ.’

ಬೀದಿಯಲ್ಲಿ ನಿಂತು! ಐದು ಜನ ತಮ್ಮ ಗೆರೆಯನ್ನು ತಮ್ಮೊಳಗೇ ಇಟ್ಟುಕೊಂಡು ಹಾಯಾಗಿರಬೇಕು, ಏನನ್ನೂ ನೇಯದ ನಾನು ಮಾತ್ರ ನನ್ನ ತಪ್ಪನ್ನು ಬಿಡಿಸಿ ಬಿಸಿಲಿಗೆ ಹರವಬೇಕು! ಮನೆಗೆ ಬರುವ ದಾರಿಯುದ್ದಕ್ಕೂ ಇದೆಷ್ಟು ಅನ್ಯಾಯ ಎಂದು ಲೆಕ್ಕ ಹಾಕಿದೆ. ಮನೆಗೆ ಬಂದಾಗ ದೊಡ್ಡಮ್ಮ ಮಗ್ಗದ ಮುಂದೆ ಕೂತಿದ್ದಳು. ಲಾಳಿ ಕೈಯಲ್ಲಿರಲಿಲ್ಲ. ಗುಂಡಿಯೊಳಗೆ ಕಾಲು ಇಳಿಬಿಟ್ಟು, ನೀರಿನಲ್ಲಿ ಕಾಲಾಡಿಸುವವರ ಹಾಗೆ ಸುಮ್ಮನೆ ಹಲಗೆಗಳನ್ನು ಒಂದೊಂದಾಗಿ ಒತ್ತಿ ಬಿಡುತ್ತಿದ್ದಳು. ನನ್ನನ್ನು ನೋಡಿ ನಿಲ್ಲಿಸಿದಳು. ಆಮೇಲೆ ನಾನು ಲೆಕ್ಕ ಹಾಕುವುದನ್ನು ಬಿಟ್ಟೆ.

ಸೋಮವಾರ ಬೆಳಿಗ್ಗೆ ಲಕ್ಷ್ಮಕ್ಕನ ಹೊಸ ಹಾಸು ಹರಡುವುದಿತ್ತು. ಮೂರ್ನಾಲ್ಕು ಸೀರೆಗಾಗುವಷ್ಟು ಉದ್ದದ ರೇಷ್ಮೆ ಎಳೆಗಳನ್ನು ಬಿಸಿಲೇರುವ ಮುಂಚೆ ಬೀದಿಯಲ್ಲಿ ಉದ್ದಕ್ಕೆ ಬಿಗಿದು, ಮನೆಗೊಬ್ಬರಂತೆ ಬಂದು ಎರಡೂ ಬದಿ ನಿಂತು ಹಿಡಿದುಕೊಳ್ಳುತ್ತಾರೆ. ಹರಿದ ಎಳೆಗೆ ಗಂಟು ಬಿದ್ದು ಮುಗಿಯುವವರೆಗೆ ಯಾರೂ ಕೈ ಬಿಡುವ ಹಾಗಿಲ್ಲ, ಜಾಗ ಬಿಟ್ಟು ಕದಲುವ ಹಾಗೂ ಇಲ್ಲ. ಅಂಥ ಸಭೆ ಯಾವ ಭಾಷಣಕಾರನಿಗೂ ಸಿಗುವುದಿಲ್ಲ. ಆರೂವರೆಗೆ ನಾನೂ ಹೋಗಿ ದೊಡ್ಡಮ್ಮನ ಎದುರು ಬದಿಯಲ್ಲಿ ಹಿಡಿದು ನಿಂತೆ. ಐದು ಮನೆಯವರೂ ಇದ್ದರು. ಮಂಜಣ್ಣ ಆ ತುದಿಯಲ್ಲಿ ಹಾಸು ಕಟ್ಟಿದ ಗೂಟದ ಹತ್ತಿರ ಇದ್ದ. ನಾನು ರಾತ್ರಿಯೆಲ್ಲ ಸಿದ್ಧಮಾಡಿಕೊಂಡಿದ್ದ ಮಾತನ್ನು ಎಳೆಗಳನ್ನೇ ನೋಡುತ್ತ ಹೇಳಿದೆ: ‘ಶನಿವಾರ ದೊಡ್ಡಮ್ಮನ ಕಾಲು ನಡುಗಲಿಲ್ಲ. ನೆಲ ನಡುಗಿದ್ದು. ನಾನು ಪಕ್ಕದಲ್ಲೇ ಇದ್ದೆ, ನನಗೆ ಗೊತ್ತಾಗಲಿಲ್ಲ. ಗೊತ್ತಾಗದೆ ತಪ್ಪನ್ನು ಅವರ ಕಾಲಿನ ಮೇಲೆ ಹಾಕಿದೆ.’

‘ಏನಂತೆ?’ ಎಂದಳು ದೊಡ್ಡಮ್ಮ, ಎರಡು ಅಡಿ ದೂರದಿಂದ. ‘ಕೇಳಿಸ್ಲಿಲ್ಲ.’

ಎರಡನೇ ಸಲ ಗಟ್ಟಿಯಾಗಿ ಹೇಳಿದೆ. ಐದು ಜನರೂ ತಮ್ಮ ಮುಂದಿನ ಎಳೆಗಳನ್ನು ಮೊದಲ ಸಲ ರೇಷ್ಮೆ ಕಂಡವರ ಹಾಗೆ ನೋಡುತ್ತಿದ್ದರು. ನನ್ನ ಬಾಯಿಗೆ ಆ ಐದು ಹೆಸರುಗಳೂ ಬಂದು ನಿಂತಿದ್ದವು, ನುಂಗಿಕೊಂಡೆ. ಆಗ ಈರಣ್ಣಜ್ಜ ಕೆಮ್ಮಿದ. ‘ನನ್ನದ್ರಾಗೂ ಒಂದು ಐತೆ’ ಎಂದ. ‘ಮೂರೂಕಾಲಿಗೆ. ಸೊಸೆ ಅಂತ ಅಂದ್ಕಂಡಿದ್ದೆ.’

‘ಮಾವಯ್ಯಾ!’ ಎಂದಳು ಸೊಸೆ ಮನೆಯೊಳಗಿನಿಂದ.

‘ನಂದ್ರಾಗೂ’ ಎಂದಳು ಲಕ್ಷ್ಮಕ್ಕ. ಆಮೇಲೆ ಉಳಿದ ಮೂವರು, ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು. ಎರಡೇ ನಿಮಿಷದಲ್ಲಿ ಯಾರ ಗೆರೆ ಎಲ್ಲರಿಗಿಂತ ಸಣ್ಣದು ಎಂದು ವಾದ ಶುರುವಾಯಿತು. ಆ ತುದಿಯಲ್ಲಿ ಮಂಜಣ್ಣ ಒಂದು ಕೈಯಲ್ಲಿ ಹಾಸು ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಫೋನು ತೆಗೆದು, ‘ಮಣ್ಣು ಬ್ಯಾಡ್ರೀ, ಬೇರೆ ಕಡೆ ಹಾಕ್ರಿ’ ಎನ್ನುವುದು ಎಲ್ಲರಿಗೂ ಕೇಳಿಸಿತು. ಕೆಲಸ ಆಗಿತ್ತು. ಏಳೂವರೆಯ ಚಳ್ಳಕೆರೆ ಬಸ್ಸು ನನಗಿನ್ನೂ ಸಿಗುತ್ತಿತ್ತು.

ದೊಡ್ಡಮ್ಮ ಕತ್ತು ಚಾಚಿ ಬೀದಿಯ ಆ ತುದಿ ನೋಡಿದಳು, ಈ ತುದಿ ನೋಡಿದಳು, ಆಮೇಲೆ ನನ್ನ ಕಡೆ ತಿರುಗಿದಳು. ‘ಅಲ್ಲಿ ಗೂಟದ ಆಚೆ ಇರೋರಿಗೆ ಸರಿಯಾಗಿ ಕೇಳಿಸ್ಲಿಲ್ಲಂತೆ ಮಗಾ’ ಎಂದಳು.

ಗೂಟದ ಆಚೆ ಒಂದು ಕರು ಇತ್ತು. ನಾನು ಎಳೆ ಬಿಡದೆ, ತಲೆ ಎತ್ತಿ, ಮೂರನೇ ಸಲ ಹೇಳಿದೆ.